ಎಲ್ಲರೂ ಕೂತ್ಕೊಳ್ಳಿ ಅಂದರು, ಒಬ್ಬಳು ಎತ್ತಿ ಅಂದಳು

ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಸ್ವಲ್ಪ ಪಾಚಿ ಕಟ್ಟಿತ್ತು. 2022ರ ಕಾರ್ತಿಕ ಮಾಸ. ಬೆಳಗ್ಗೆ ತುಳಸಿಗೆ ನೀರು ಹಾಕೋಣ ಅಂತ ಚೊಂಬು ಹಿಡಿದು ಹೋದೆ. ಕಾಲು ಜಾರಿತು. ಮೆಟ್ಟಿಲಿನಿಂದ ಬಿದ್ದದ್ದಲ್ಲ, ಸ್ಟೂಲಿನಿಂದ ಬಿದ್ದದ್ದಲ್ಲ. ನಿಂತಲ್ಲೇ ಜಾರಿ ಬಿದ್ದು ಎಡಗೈ ಊರಿದೆ, ಅಷ್ಟೇ. ಎದ್ದು ನೋಡಿದರೆ ಮಣಿಕಟ್ಟು ಸೌಟಿನ ಹಾಗೆ ಸೊಟ್ಟಗಾಗಿತ್ತು.

ನನಗೆ ಆಗ 63 ವರ್ಷ. ಮೈಸೂರಿನ ಸರ್ಕಾರಿ ಶಾಲೆಯೊಂದರಿಂದ ನಿವೃತ್ತಿಯಾಗಿ ಮೂರು ವರ್ಷ ಆಗಿತ್ತು. ದಿನಾ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ಹದಿನೆಂಟು ವರ್ಷದಿಂದ ಯೋಗ ಮಾಡುತ್ತಿದ್ದೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಹಾಗಾಗಿ ಕೈ ಮುರಿದಾಗ ಇದೊಂದು ಕೆಟ್ಟ ಗಳಿಗೆ ಅಂತ ಮಾತ್ರ ಅಂದುಕೊಂಡೆ. ಪಕ್ಕದ ಮನೆಯವರು ಪುತ್ತೂರು ಕಟ್ಟು ಹಾಕಿಸಿ ಅಂದರು. ನಮ್ಮ ಮನೆಯವರು ಕೇಳಲಿಲ್ಲ, ಸೀದಾ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಳೆದು ಕೂರಿಸಿ ಪಿಒಪಿ ಹಾಕಿದರು. ಆರು ವಾರ.

ಪಿಒಪಿ ಬಿಚ್ಚುವ ದಿನ ಆ ಡಾಕ್ಟರು ಒಂದು ಮಾತು ಹೇಳಿದರು. "ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಮುರಿಯೋದಿಲ್ಲಮ್ಮ. ಬಿದ್ದಿದ್ದು ನೆಪ. ಮೂಳೆಯ ಸಾಂದ್ರತೆ ನೋಡಿಸಿಬಿಡೋಣ." ಆ ಮಾತಿಗೆ ನಾನು ಇವತ್ತಿಗೂ ಋಣಿ. ಕೈ ಕೂಡಿತಲ್ಲ, ಹೋಗಿ ಬನ್ನಿ ಅಂದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಡೆಕ್ಸಾ ಸ್ಕ್ಯಾನ್ ಅಂದರೆ ಏನೋ ದೊಡ್ಡದು ಅಂತ ಹೆದರಿದ್ದೆ. ಏನೂ ಇಲ್ಲ. ಸುರಂಗದ ಒಳಗೆ ಹೋಗುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಮೇಜಿನ ಮೇಲೆ ಅಂಗಾತ ಮಲಗಬೇಕು. ಕಾಲಿನ ಕೆಳಗೆ ಒಂದು ಚೌಕದ ದಿಂಬು ಇಡುತ್ತಾರೆ. ಮೇಲೆ ಒಂದು ತೋಳು ನಿಧಾನ ಸರಿಯುತ್ತದೆ. ಸೊಂಟದ ಭಾಗದ ಬೆನ್ನೆಲುಬು, ಆಮೇಲೆ ತೊಡೆ ಸಂದು. ಹದಿನೈದು ನಿಮಿಷದಲ್ಲಿ ಮುಗಿಯಿತು. ಬಡಾವಣೆಯ ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು "ನಿಮ್ಮ ಮೂಳೆ ಚೆನ್ನಾಗಿದೆ" ಅಂತ ಚೀಟಿ ಕೊಡುತ್ತಾರಲ್ಲ, ಅಂಥದ್ದು ನನ್ನ ಹತ್ತಿರ ಒಂದಿತ್ತು. ಅದು ಮೇಲುನೋಟದ ತಪಾಸಣೆ. ಬೆನ್ನೆಲುಬಿನ ಒಳಗೆ ಏನಾಗಿದೆ ಅಂತ ಅದು ಹೇಳುವುದಿಲ್ಲ.

ರಿಪೋರ್ಟಿನಲ್ಲಿ ಟಿ-ಸ್ಕೋರ್ ಅಂತ ಇರುತ್ತದೆ. ಆರೋಗ್ಯವಂತ ಯುವತಿಯ ಮೂಳೆಗೆ ಹೋಲಿಸಿದರೆ ನಮ್ಮದು ಎಷ್ಟು ಕೆಳಗಿದೆ ಅನ್ನುವ ಲೆಕ್ಕ ಅದು. ಮೈನಸ್ 1ರ ತನಕ ಸರಿ. ಅಲ್ಲಿಂದ ಮೈನಸ್ 2.5ರ ತನಕ ಮೂಳೆ ತೆಳುವಾಗುತ್ತಿದೆ ಅಂತ. ಮೈನಸ್ 2.5 ಮುಟ್ಟಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಈ ಗೆರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದದ್ದು. ನನ್ನ ಬೆನ್ನೆಲುಬು ಮೈನಸ್ 2.9. ತೊಡೆಮೂಳೆಯ ಕತ್ತು ಮೈನಸ್ 2.4.

ಇದನ್ನು ಮಂಡಿ ಸವೆತದ ಜೊತೆ ಬೆರೆಸಬೇಡಿ. ನಮ್ಮಲ್ಲಿ ಎರಡಕ್ಕೂ "ಮೂಳೆ ಸವೆದಿದೆ" ಅಂತಲೇ ಹೇಳುತ್ತಾರೆ. ಮಂಡಿಯ ಕಾಯಿಲೆ ನೋವು ಕೊಟ್ಟು ಎಚ್ಚರಿಸುತ್ತದೆ. ಇದು ಎಚ್ಚರಿಸುವುದಿಲ್ಲ. ಮೂಳೆ ಒಳಗೊಳಗೇ ಟೊಳ್ಳಾಗುತ್ತಾ ಹೋಗುತ್ತದೆ, ಮುರಿಯುವ ತನಕ ಗೊತ್ತೇ ಆಗುವುದಿಲ್ಲ. ಮೂವತ್ತರ ಹೊತ್ತಿಗೆ ಮೂಳೆ ಅದರ ಜೀವಮಾನದ ಗಟ್ಟಿತನ ಮುಟ್ಟಿರುತ್ತದೆ. ಮುಟ್ಟು ನಿಂತ ಮೇಲೆ ಮೊದಲ ಕೆಲವು ವರ್ಷ ತುಂಬಾ ವೇಗವಾಗಿ ಕರಗುತ್ತದೆ. ನನಗೆ 47ಕ್ಕೇ ನಿಂತಿತ್ತು. ಆಗ ಬಿಡುಗಡೆ ಆಯಿತು ಅಂತ ಖುಷಿಪಟ್ಟವಳು ನಾನು.

ಆ ರಿಪೋರ್ಟ್ ಹಿಡಿದುಕೊಂಡು ಆಟೋದಲ್ಲಿ ಬರುವಾಗ ನನಗೆ ನೆನಪಾದದ್ದು ಅಮ್ಮ. ಅಮ್ಮನಿಗೆ ಕೊನೆಯ ಹತ್ತು ವರ್ಷ ಬೆನ್ನು ಗೂನಾಗಿತ್ತು. ಮಾತಾಡಿಸಿದರೆ ಮುಖ ಎತ್ತಲು ಆಗದೆ ಕಣ್ಣು ಮಾತ್ರ ಮೇಲಕ್ಕೆತ್ತಿ ನೋಡುತ್ತಿದ್ದಳು. ಕುತ್ತಿಗೆ ಕೆಳಗೆ ಬಗ್ಗಿಯೇ ಇರುತ್ತಿತ್ತು. ವಯಸ್ಸಾಯ್ತಲ್ಲ ಅನ್ನುತ್ತಿದ್ದೆವು. ಒಂದು ಸಲ ಬಿಂದಿಗೆ ಪಕ್ಕಕ್ಕೆ ಸರಿಸುವಾಗ ಬೆನ್ನಲ್ಲಿ ಛಳಕು ಹೊಡೆದು ಒಂದು ತಿಂಗಳು ಮಲಗಿದ್ದಳು. ಅದಕ್ಕೆ ನಾವು ಎಣ್ಣೆ ತಿಕ್ಕಿದೆವು. ಬೆನ್ನೆಲುಬಿನ ಬಿಲ್ಲೆಯಂಥ ಮೂಳೆಗಳು ಒಂದರ ಮೇಲೊಂದು ಕುಸಿದರೆ ಬೆನ್ನು ಹಾಗೆ ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ ಅಂತ ನನಗೆ ತಿಳಿದದ್ದು ಅವಳು ಹೋದ ಹನ್ನೊಂದು ವರ್ಷದ ಮೇಲೆ. ಅಮ್ಮನಿಗೆ ಯಾರೂ ಸ್ಕ್ಯಾನ್ ಮಾಡಿಸಲಿಲ್ಲ. ಆದರೆ ನನ್ನ ಮನಸ್ಸಿಗೆ ಅನುಮಾನ ಉಳಿದಿಲ್ಲ.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 14 ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ. ವಾರಕ್ಕೊಂದು 60,000 ಯೂನಿಟ್ಟಿನ ಪುಡಿ, ಎಂಟು ವಾರ. ಥೈರಾಯ್ಡ್, ಕಿಡ್ನಿ ಸರಿಯಿತ್ತು. ಮಾತ್ರೆ ಶುರುಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಅಂದರು, ತೋರಿಸಿದೆ. ಆಮೇಲೆ ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆ, 70 ಮಿಲಿಗ್ರಾಂ, ವಾರಕ್ಕೊಂದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಕಾಫಿ ಕುಡಿಯುವ ಹಾಗಿಲ್ಲ. ನಾನು ಭಾನುವಾರ ಇಟ್ಟುಕೊಂಡೆ.

ಇಷ್ಟರ ಮಧ್ಯೆ ಮನೆಯಲ್ಲಿ ಒಂದು ಬದಲಾವಣೆ ಆಗಿತ್ತು. ನನ್ನ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡಿದ್ದರು. ನಮ್ಮ ಮನೆಯವರು ಕುಕ್ಕರ್ ಕೂಡ ಎತ್ತಲು ಬಿಡುತ್ತಿರಲಿಲ್ಲ. ಮಗ ಪುಣೆಯಿಂದ ದಿನಾ ಫೋನು ಮಾಡಿ, "ಅಮ್ಮಾ, ಏನೂ ಎತ್ತಬೇಡ, ಸುಮ್ನೆ ಕೂತಿರು" ಅನ್ನುತ್ತಿದ್ದ. ನೋಡಲು ಬಂದವರೆಲ್ಲ ಯಾರ್ಯಾರದೋ ಸೊಂಟ ಮುರಿದ ಕಥೆ ಹೇಳಿ, "ಹುಷಾರು, ರೆಸ್ಟ್ ತಗೊಳ್ಳಿ" ಅಂತ ಹೋಗುತ್ತಿದ್ದರು. ಎಲ್ಲರದೂ ಪ್ರೀತಿಯೇ. ನನಗೂ ಭಯ ಹತ್ತಿತ್ತು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದೆ. ಕೆರೆಯ ಕಡೆ ಹೋಗುವುದು ನಿಂತಿತು. ಮೂರು ತಿಂಗಳಲ್ಲಿ ತೊಡೆ ಸಣ್ಣಗಾಯಿತು. ಪೂಜೆಗೆ ಮಣೆಯ ಮೇಲೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕಾಯಿತು.

ಮಣಿಕಟ್ಟಿನ ಬಿಗಿ ಬಿಡಿಸಲು ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿದ್ದವಳು ಸಣ್ಣ ಹುಡುಗಿ, ಮೂವತ್ತು ಇರಬಹುದು. ಒಂದು ದಿನ ನಾನು ಕುರ್ಚಿಯಿಂದ ಎರಡೂ ಕೈ ಊರಿ ಎದ್ದದ್ದನ್ನು ನೋಡಿದಳು. "ಆಂಟಿ, ಕೈ ಎದೆ ಮೇಲೆ ಕಟ್ಟಿಕೊಂಡು ಎದ್ದು ಕೂತು ಮಾಡಿ, ಮೂವತ್ತು ಸೆಕೆಂಡ್" ಅಂದಳು. ಎಂಟು ಸಲ ಆಯಿತು. ನನ್ನ ವಯಸ್ಸಿಗೆ ಹನ್ನೆರಡಾದರೂ ಆಗಬೇಕಿತ್ತು. ಆಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ, ಹಿಮ್ಮಡಿಗೆ ಹೆಬ್ಬೆರಳು ತಾಗುವ ಹಾಗೆ ಇಟ್ಟು ನಿಲ್ಲಿಸಿದಳು. ಹತ್ತು ಸೆಕೆಂಡ್ ನಿಲ್ಲಬೇಕು. ನಾಲ್ಕಕ್ಕೆ ವಾಲಿದೆ.

ನನ್ನ ರಿಪೋರ್ಟ್ ತರಿಸಿಕೊಂಡು ನೋಡಿ ಹೇಳಿದಳು. "ನೀವು ಎತ್ತಬೇಕು ಆಂಟಿ. ಮನೆಯಲ್ಲಿ ಎತ್ತಬೇಡಿ ಅಂತಾರಲ್ಲ, ಅದೇ ತಪ್ಪಾಗ್ತಿರೋದು."

ನಾನು ನಡೆಯುತ್ತಿದ್ದೆನಲ್ಲ ಅಂದೆ. ಅವಳು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಮೂಳೆ ಕಲ್ಲಲ್ಲ, ಅದಕ್ಕೆ ಜೀವ ಇದೆ. ಹಳೆಯದನ್ನು ಕೆರೆದು ತೆಗೆಯುವ ಕಣಗಳಿವೆ, ಹೊಸದನ್ನು ಕಟ್ಟುವ ಕಣಗಳಿವೆ. ಭಾರ ಬಿದ್ದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒಳಗಿರುವ ಕಣಗಳು ಅದನ್ನು ಗುರುತಿಸಿ, ಇಲ್ಲಿ ಗಟ್ಟಿ ಮಾಡಬೇಕು ಅಂತ ಸುದ್ದಿ ಕಳಿಸುತ್ತವೆ. ಭಾರ ಬೀಳದ ಕಡೆ ಕಟ್ಟುವ ಕೆಲಸ ನಿಧಾನವಾಗುತ್ತದೆ. ಹೊರುವ ಭಾರಕ್ಕೆ ತಕ್ಕ ಹಾಗೆ ಮೂಳೆ ರೂಪ ಬದಲಿಸುತ್ತದೆ ಅಂತ ಜರ್ಮನಿಯ ಜೂಲಿಯಸ್ ವೂಲ್ಫ್ ಎಂಬ ವೈದ್ಯರು 1892ರಲ್ಲೇ ಬರೆದಿದ್ದರಂತೆ. ಟೆನಿಸ್ ಆಡುವವರ ಆಡುವ ಕೈಯ ಮೂಳೆ ಇನ್ನೊಂದು ಕೈಗಿಂತ ದಪ್ಪ ಇರುತ್ತದೆ. ಬಾಹ್ಯಾಕಾಶದಲ್ಲಿ ತೇಲುವ ಗಗನಯಾತ್ರಿಗಳಿಗೆ ತೊಡೆ ಸಂದಿನ ಮೂಳೆ ತಿಂಗಳಿಗೆ ಶೇಕಡ 1ಕ್ಕಿಂತ ಜಾಸ್ತಿ ಕರಗುತ್ತದೆ. ಅಲ್ಲಿ ಭಾರವೇ ಇಲ್ಲ, ಅದಕ್ಕೆ.

ನಡಿಗೆ ಹೃದಯಕ್ಕೆ, ಮನಸ್ಸಿಗೆ ಬಹಳ ಒಳ್ಳೆಯದು. ಆದರೆ ಮೂಳೆಗೆ ಅದು ರೂಢಿಯಾದ ಭಾರ. ದಿನಾ ಹೊರುವುದನ್ನೇ ಹೊತ್ತರೆ ಹೊಸದಾಗಿ ಕಟ್ಟುವ ಅಗತ್ಯ ಅದಕ್ಕೆ ಕಾಣುವುದಿಲ್ಲ. ಈಜು, ಸೈಕಲ್ಲೂ ಹಾಗೇ, ಅವುಗಳಲ್ಲಿ ಮೈಭಾರ ಮೂಳೆಯ ಮೇಲೆ ಅಷ್ಟಾಗಿ ಬೀಳುವುದಿಲ್ಲ.

ಅವಳು ಒಂದು ಅಧ್ಯಯನದ ಬಗ್ಗೆ ಹೇಳಿದಳು, ಲಿಫ್ಟ್‌ಮೋರ್ ಅಂತ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಬೆಲಿಂಡಾ ಬೆಕ್ ಅವರ ತಂಡ ಮಾಡಿದ್ದು. ಮೂಳೆ ತೆಳುವಾದ 101 ಮಹಿಳೆಯರು, ಸರಾಸರಿ ವಯಸ್ಸು 65. ಅವರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ನಿಜವಾದ ಭಾರ ಎತ್ತಿಸಿದರು. ಇನ್ನೊಂದು ಗುಂಪಿಗೆ ಮನೆಯಲ್ಲೇ ಹಗುರ ವ್ಯಾಯಾಮ. ಭಾರ ಎತ್ತಿದವರ ಬೆನ್ನೆಲುಬಿನ ಸಾಂದ್ರತೆ ಸರಾಸರಿ ಶೇಕಡ 2.9 ಏರಿತು. ಇನ್ನೊಂದು ಗುಂಪಿನದು ಶೇಕಡ 1.2 ಇಳಿಯಿತು. ನನ್ನ ವಯಸ್ಸಿನವರೇ, ನನ್ನಂಥ ಮೂಳೆಯವರೇ. ಆ ದಿನ ಮನೆಗೆ ಬಂದು ಬಹಳ ಹೊತ್ತು ಯೋಚನೆ ಮಾಡಿದೆ.

ಹಾಗಂತ ಇದನ್ನು ಓದಿ ನಾಳೆಯೇ ಅಕ್ಕಿ ಮೂಟೆಗೆ ಕೈ ಹಾಕಬೇಡಿ, ದಯವಿಟ್ಟು. ಆ ಅಧ್ಯಯನದಲ್ಲಿ ಪ್ರತಿ ದಿನವೂ ತರಬೇತಾದವರು ಪಕ್ಕದಲ್ಲಿ ನಿಂತಿದ್ದರು, ಮೊದಲ ತಿಂಗಳು ಭಂಗಿ ಕಲಿಸಲಿಕ್ಕೇ ಇಟ್ಟಿದ್ದರು. ನನಗೂ ಮೊದಲು ಬೆನ್ನಿನ ಎಕ್ಸ್‌ರೇ ತೆಗೆಸಿ, ಎಲ್ಲೂ ಬಿಲ್ಲೆ ಕುಸಿದಿಲ್ಲ ಅಂತ ಖಚಿತ ಮಾಡಿಕೊಂಡು, ಡಾಕ್ಟರ ಒಪ್ಪಿಗೆ ಪಡೆದ ಮೇಲೆ ಶುರುಮಾಡಿದ್ದು. ಅದು 2023ರ ಮಾರ್ಚ್.

ಶುರುವಾದದ್ದು ಬಿಡುವುದರಿಂದ. ನನ್ನ ಯೋಗ. ಪಶ್ಚಿಮೋತ್ತಾನಾಸನ, ಹಲಾಸನ, ಸರ್ವಾಂಗಾಸನ, ಸೂರ್ಯನಮಸ್ಕಾರದಲ್ಲಿ ಮುಂದೆ ಬಾಗುವುದು, ಇವನ್ನು ನಿಲ್ಲಿಸಿ ಅಂದಳು. ಟೊಳ್ಳಾದ ಬೆನ್ನೆಲುಬನ್ನು ಮುಂದಕ್ಕೆ ದುಂಡಗೆ ಬಗ್ಗಿಸಿದರೆ ಎಲ್ಲ ಒತ್ತಡ ಬಿಲ್ಲೆಯ ಮುಂಭಾಗಕ್ಕೆ ಬೀಳುತ್ತದೆ, ಕುಸಿಯುವುದು ಅಲ್ಲೇ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 1984ರಲ್ಲೇ ಇದನ್ನು ಬರೆದಿದ್ದಾರೆ. ಆಸ್ಟಿಯೊಪೊರೋಸಿಸ್ ಇದ್ದ 59 ಮಹಿಳೆಯರನ್ನು ನೋಡಿದ ಸಣ್ಣ ಅಧ್ಯಯನ ಅದು. ಮುಂದೆ ಬಾಗುವ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಶೇಕಡ 89 ಜನಕ್ಕೆ ಬೆನ್ನೆಲುಬು ಮತ್ತೆ ಕುಸಿದಿತ್ತು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಅದು ಶೇಕಡ 16.

ಕೇಳಿ ಅತ್ತುಬಿಟ್ಟೆ. ಹದಿನೆಂಟು ವರ್ಷ ಹಣೆಯನ್ನು ಮಂಡಿಗೆ ತಾಗಿಸುವುದನ್ನು ನನ್ನ ಆರೋಗ್ಯದ ಗುರುತು ಅಂತ ನಂಬಿದ್ದೆ. ನಮ್ಮ ಯೋಗದ ಗುರುಗಳ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಆಸನ ನಿಮಗಾಗಿ ಇರೋದು, ಆಸನಕ್ಕಾಗಿ ನೀವಲ್ಲ" ಅಂದರು. ವೀರಭದ್ರಾಸನ ಉಳಿಯಿತು. ಗೋಡೆ ಪಕ್ಕ ವೃಕ್ಷಾಸನ ಉಳಿಯಿತು. ಬೋರಲು ಮಲಗಿ ಎದೆ ಸ್ವಲ್ಪವೇ ಎತ್ತುವ ಭುಜಂಗಾಸನ ಉಳಿಯಿತು. ಪ್ರಾಣಾಯಾಮ ಹೇಗೂ ಇದ್ದೇ ಇತ್ತು.

ಆಮೇಲೆ ಬಾಗುವುದನ್ನು ಹೊಸದಾಗಿ ಕಲಿತೆ. ನಾವು ಸೊಂಟ ಬಗ್ಗಿಸು ಅನ್ನುತ್ತೇವೆ, ಆದರೆ ಬಗ್ಗಿಸುವುದು ಬೆನ್ನನ್ನು. ಬೆನ್ನು ನೆಟ್ಟಗೇ ಇರಬೇಕು, ಮಡಿಸಬೇಕಾದದ್ದು ತೊಡೆ ಸಂದನ್ನು. ಒಂದು ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಸುತ್ತಿದ್ದಳು. ತಲೆಯ ಹಿಂಭಾಗ, ಬೆನ್ನು, ಪೃಷ್ಠ ಮೂರೂ ಕೋಲಿಗೆ ತಾಗಿರಬೇಕು. ಹಾಗೇ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಬೇಕು. ಇಷ್ಟಕ್ಕೇ ನನಗೆ ಮೂರು ವಾರ ಹಿಡಿಯಿತು. ಆದರೆ ಒಂದು ಸಲ ಬಂದ ಮೇಲೆ ಮನೆಕೆಲಸವೆಲ್ಲ ಬದಲಾಯಿತು. ಕಸ ಗುಡಿಸುವಾಗ, ರಂಗೋಲಿ ಇಡುವಾಗ, ಬಕೆಟ್ ಎತ್ತುವಾಗ ಮೈ ತಾನೇ ಹಾಗೆ ಮಡಿಸಿಕೊಳ್ಳುತ್ತದೆ. ನನಗೆ ಈ ಎರಡೂವರೆ ವರ್ಷದಲ್ಲಿ ಸಿಕ್ಕ ಅತಿ ದೊಡ್ಡ ವಿದ್ಯೆ ಯಾವುದು ಅಂದರೆ ಇದನ್ನೇ ಹೇಳುತ್ತೇನೆ.

ಭಾರ ಎತ್ತಲು ಶುರುಮಾಡಿದ್ದು ಒಂದೊಂದು ಲೀಟರಿನ ಎರಡು ನೀರಿನ ಬಾಟಲಿಯಿಂದ. ಆಮೇಲೆ ಬಟ್ಟೆ ಚೀಲದಲ್ಲಿ 3 ಕೆಜಿ ರಾಗಿ, ಆಮೇಲೆ 5 ಕೆಜಿ. ಮಂಗಳವಾರ, ಶುಕ್ರವಾರ ಕ್ಲಿನಿಕ್ಕಿನಲ್ಲಿ ನಲವತ್ತು ನಿಮಿಷ. ಕುರ್ಚಿಯಿಂದ ಏಳುವುದು, ಸ್ಟೂಲಿನ ಮೇಲಿಟ್ಟ ಭಾರವನ್ನು ಬೆನ್ನು ನೆಟ್ಟಗಿಟ್ಟು ಎತ್ತುವುದು, ಡಂಬೆಲ್ ತಲೆಯ ಮೇಲಕ್ಕೆ ತಳ್ಳುವುದು. ಮೂರನೇ ವಾರಕ್ಕೆ ಬಲ ಮಂಡಿ ನೋಯಿತು. ಒಂದು ವಾರ ಬಿಟ್ಟು, ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿ ಮತ್ತೆ ಶುರುಮಾಡಿದೆವು. ಮೈಕೈ ನೋವು ಬರುತ್ತದೆ, ಎರಡು ದಿನದಲ್ಲಿ ಹೋಗುತ್ತದೆ. ಬೆನ್ನೆಲುಬಿನಲ್ಲಿ ಛಳಕು ಬಂದರೆ ಮಾತ್ರ ಆ ಕ್ಷಣ ನಿಲ್ಲಿಸಬೇಕು.

ಎಂಟನೇ ತಿಂಗಳಲ್ಲಿ ಎರಡೂ ಕೈಯಲ್ಲಿ ಹಿಡಿದು 20 ಕೆಜಿ ಎತ್ತಿದೆ. ಅವತ್ತು ನಮ್ಮ ಮನೆಯವರನ್ನು ಕ್ಲಿನಿಕ್ಕಿಗೆ ಕರೆಸಿದ್ದೆ. ಅವರು ಬಾಗಿಲ ಹತ್ತಿರ ನಿಂತು, "ಸಾಕು, ಸಾಕು ಬಿಡೇ" ಅಂತಲೇ ಇದ್ದರು. ನಾನು ಎತ್ತಿ, ನಿಂತು, ಮೆಲ್ಲಗೆ ಇಳಿಸಿದೆ. ಮನೆಗೆ ಬಂದ ಮೇಲೆ ಅವರು ಏನೂ ಮಾತಾಡಲಿಲ್ಲ. ಆದರೆ ಅವತ್ತಿನಿಂದ ಕುಕ್ಕರನ್ನು ನನ್ನ ಕೈಯಿಂದ ಕಿತ್ತುಕೊಂಡಿಲ್ಲ.

ಮನೆಯಲ್ಲಿ ದಿನಾ ಮಾಡುವುದು ಸಮತೋಲನದ ಅಭ್ಯಾಸ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹಾಲು ಉಕ್ಕುವ ತನಕ ಒಂಟಿ ಕಾಲಲ್ಲಿ ನಿಲ್ಲುವುದು, ಗೆರೆಯ ಮೇಲೆ ನಡೆದ ಹಾಗೆ ಪಾದದ ಮುಂದೆ ಪಾದ ಇಟ್ಟು ನಡುಮನೆಯಲ್ಲಿ ಓಡಾಡುವುದು. ನ್ಯೂಜಿಲೆಂಡಿನ ಒಟಾಗೊದಲ್ಲಿ ವಯಸ್ಸಾದವರಿಗಾಗಿಯೇ ಇಂಥ ಕ್ರಮವೊಂದನ್ನು ರೂಪಿಸಿದ್ದಾರೆ. ಅದನ್ನು ಮಾಡಿದವರಲ್ಲಿ ಬೀಳುವುದು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನನ್ನ ಭಾನುವಾರದ ಮಾತ್ರೆಯ ಅರ್ಧ ಗಂಟೆ ಪೂರ್ತಿ ಇದಕ್ಕೇ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಇದೆ. ಮಧ್ಯಾಹ್ನ ಮುದ್ದೆ, ಮೊಸರು, ರಾತ್ರಿ ಹಾಲು, ವಾರಕ್ಕೆರಡು ದಿನ ಎಳ್ಳಿನ ಚಟ್ನಿ. ಭಾರ ಎತ್ತುವವರಿಗೆ ಪ್ರೋಟೀನ್ ಮುಖ್ಯ, ಅದಕ್ಕೆ ಸಾರಿನ ಬೇಳೆ ದಪ್ಪ ಮಾಡಿದೆ, ಮೊಳಕೆ ಕಾಳು ಸೇರಿಸಿದೆ. ಹಿತ್ತಲಿನ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದೆವು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಬಂತು.

ಎರಡು ವರ್ಷದ ಮೇಲೆ, 2025ರ ಮಾರ್ಚಿನಲ್ಲಿ, ಅದೇ ಯಂತ್ರದಲ್ಲಿ ಮತ್ತೆ ಸ್ಕ್ಯಾನ್. ಬೇರೆ ಬೇರೆ ಯಂತ್ರದ ಅಂಕಿಗಳನ್ನು ಹೋಲಿಸುವಂತಿಲ್ಲ, ಅದಕ್ಕೆ ಅಲ್ಲಿಗೇ ಹೋದೆ. ಬೆನ್ನೆಲುಬು ಮೈನಸ್ 2.9 ಇದ್ದದ್ದು ಮೈನಸ್ 2.6 ಆಗಿತ್ತು. ತೊಡೆ ಸಂದು ಮೈನಸ್ 2.4, ಹಾಗೇ ಇತ್ತು. ಮೊದಲು ಸ್ವಲ್ಪ ಬೇಜಾರಾಯಿತು. ಡಾಕ್ಟರು ಹೇಳಿದರು, ಈ ವಯಸ್ಸಿನಲ್ಲಿ ಇಳಿಯದೆ ನಿಂತರೆ ಅದೇ ಗೆಲುವು. ಏರಿದ್ದರಲ್ಲಿ ಮಾತ್ರೆಯ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ವ್ಯಾಯಾಮ ಮಾಡುತ್ತೇನೆ ಅಂತ ಯಾರೂ ಮಾತ್ರೆ ಬಿಡಬಾರದು, ಮಾತ್ರೆ ಇದೆ ಅಂತ ಕೂತುಬಿಡಲೂಬಾರದು.

ಆದರೆ ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಕುರ್ಚಿಯಿಂದ ಈಗ ಮೂವತ್ತು ಸೆಕೆಂಡಿನಲ್ಲಿ ಹದಿನೈದು ಸಲ ಏಳುತ್ತೇನೆ. ಕಳೆದ ಆಷಾಢದಲ್ಲಿ ದೇವರಾಜ ಮಾರುಕಟ್ಟೆಯಲ್ಲಿ, ಜಿಟಿಜಿಟಿ ಮಳೆ, ಬಾಳೆ ಎಲೆಯ ಚೂರಿನ ಮೇಲೆ ಕಾಲಿಟ್ಟೆ. ಎಡಗಾಲು ಸರ್ರನೆ ಜಾರಿತು. ಬಲಗಾಲು ನಾನು ಹೇಳದೆಯೇ ಹಿಂದೆ ಊರಿಕೊಂಡು ತಡೆಯಿತು. ಕೈಯಲ್ಲಿದ್ದ ಚೀಲವೂ ಬೀಳಲಿಲ್ಲ. ಹೂವಿನ ಅಂಗಡಿಯವರು "ಹುಷಾರು ಅಮ್ಮಾ" ಅಂದರು. ಎರಡು ನಿಮಿಷ ಅಲ್ಲೇ ನಿಂತೆ. ಮೈ ನಡುಗುತ್ತಿತ್ತು, ಆದರೆ ನಿಂತಿದ್ದೆ.

ಅಮ್ಮ ಬಾವಿಯಿಂದ ನೀರು ಸೇದಿದವಳು, ಬೀಸುಕಲ್ಲು ತಿರುವಿದವಳು, ತಲೆಯ ಮೇಲೆ ಸೌದೆ ಹೊತ್ತವಳು. ಐವತ್ತೈದರ ಹೊತ್ತಿಗೆ ಮನೆಗೆ ನಲ್ಲಿ ಬಂತು, ಮಿಕ್ಸಿ ಬಂತು, ಸೊಸೆಯರು ಬಂದರು. "ಇಷ್ಟು ದಿನ ದುಡಿದದ್ದು ಸಾಕು, ಇನ್ನು ಕೂತ್ಕೋ ಅಮ್ಮಾ" ಅಂದವರಲ್ಲಿ ನಾನೇ ಮೊದಲು. ಅವಳಿಗೆ ಅದು ನಾವು ಕೊಟ್ಟ ಮರ್ಯಾದೆ ಅಂತ ಎಷ್ಟು ಖುಷಿಯಾಗಿತ್ತು.

ಹೋದ ತಿಂಗಳು ನನ್ನ ತಂಗಿ ಫೋನು ಮಾಡಿದಳು. ಅವಳಿಗೆ 59. ಬಟ್ಟೆ ಒಣಹಾಕುವಾಗ ಬೆನ್ನು ಹಿಡಿದುಕೊಂಡಿದೆ, ಎತ್ತರ ಒಂದು ಇಂಚು ಕಡಿಮೆಯಾದ ಹಾಗಿದೆ ಅಂದಳು. ಭಾರ ಗೀರ ಆಮೇಲೆ, ಮೊದಲು ಎಕ್ಸ್‌ರೇ, ಸ್ಕ್ಯಾನ್ ಅಂದೆ. ಬುಧವಾರಕ್ಕೆ ಟೈಮ್ ತಗೊಂಡಿದ್ದೇನೆ. ಹಾಸನದಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಬಸ್ ಸ್ಟ್ಯಾಂಡಿಗೆ ನಾನೇ ಹೋಗುತ್ತೇನೆ. ಅವಳ ಬ್ಯಾಗು ನಾನು ಎತ್ತಿಕೊಳ್ಳುತ್ತೇನೆ.